ಮನೆಮಂದಿಗೆಲ್ಲ ವಾಂತಿ, ನನಗೆ ಮಾತ್ರ ಏನೂ ಇಲ್ಲ. ಇದು ಹುಟ್ಟಿನಿಂದ ಬಂದದ್ದಾ?

ಲೀಡ್ಸ್_ರಾಘು

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಸದ್ಯ ಇರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಇಲ್ಲಿ ಚಳಿಗಾಲ ಬಂತೆಂದರೆ ನೊರೋವೈರಸ್ ಅನ್ನುವ ವಾಂತಿಭೇದಿ ಮನೆಮನೆ ಸುತ್ತುತ್ತದೆ. ಹೋದ ಸೋಮವಾರ ಮಗಳು ಶಾಲೆಯಿಂದ ಹೊತ್ತು ತಂದಳು. ಬುಧವಾರ ಹೆಂಡತಿ ಮಲಗಿದಳು. ಗುರುವಾರ ಊರಿಂದ ಬಂದಿದ್ದ ಅತ್ತೆಯ ಸರದಿ. ಮೂವರಿಗೂ ಬಕೆಟ್ ಹಿಡಿದವನು ನಾನೇ, ನೆಲ ಒರೆಸಿದವನು ನಾನೇ, ಮಗಳು ಅರ್ಧ ಕಚ್ಚಿ ಬಿಟ್ಟ ಬಾಳೆಹಣ್ಣು ತಿಂದವನೂ ನಾನೇ. ನನಗೆ ಒಂದು ತೇಗು ಕೂಡ ಜಾಸ್ತಿ ಬರಲಿಲ್ಲ.

ಎರಡು ವರ್ಷದ ಹಿಂದೆಯೂ ಇದೇ ಕಥೆ. ಅತ್ತೆ ಪ್ರಕಾರ ಬೆಣ್ಣೆದೋಸೆ ತಿಂದು ಬೆಳೆದ ಹೊಟ್ಟೆ, ಅದಕ್ಕೇ ಗಟ್ಟಿ. ಆದರೆ ನನ್ನ ತಲೆಯಲ್ಲಿ ಹುಳ ಬಿಟ್ಟದ್ದು ಬೇರೆ. ಒಮ್ಮೆ ಸುಮ್ನೆ ಕುತೂಹಲಕ್ಕೆ ಎಂಜಲು ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದ್ದೆ. ಅದರ ಕಚ್ಚಾ ಫೈಲ್ ತೆಗೆದು ನೋಡಿದರೆ ಎಫ್‌ಯುಟಿ2 ಅನ್ನುವ ಜೀನಿನ ಒಂದು ಜಾಗದಲ್ಲಿ ಎಎ ಅಂತ ಇದೆ. ಹಾಗಿದ್ದವರಿಗೆ ನೊರೋವೈರಸ್ ತಾಗುವುದಿಲ್ಲ ಅಂತ ಎಲ್ಲೋ ಓದಿದೆ. ನಿಜಾನಾ? ಬಲ್ಲವರು ಹೇಳಿ.

ಮಂಡ್ಯದ_ಮುದ್ದೆ

ಬೆಣ್ಣೆದೋಸೆಗೆ ಅಷ್ಟು ಶಕ್ತಿ ಇದ್ದರೆ ಮುದ್ದೆಗೆ ಎಷ್ಟಿರಬೇಡ! ನಾನು ಮೂರು ಹೊತ್ತೂ ತಿನ್ನುವವನು, ಆದರೂ ಹೋದ ತಿಂಗಳ ಮದುವೆ ಊಟದ ನಂತರ ಎರಡು ದಿನ ಬಚ್ಚಲು ಬಿಟ್ಟು ಬರಲಿಲ್ಲ. ಹಾಗಾಗಿ ಊಟದ ವಾದ ಇಲ್ಲಿಗೇ ಮುಗಿಯಿತು. ಗೊತ್ತಿರುವವರು ಮುಂದುವರಿಸಿ.

ಪೆಟ್ರಿತಟ್ಟೆ

ವೈರಸ್ ಲ್ಯಾಬಿನಲ್ಲಿ ಕೆಲಸ ಮಾಡುವವಳು. ರಾಘು ಅವರೇ, ನೀವು ಓದಿದ್ದು ಹೆಚ್ಚುಕಡಿಮೆ ನಿಜ. ಆದರೆ ಇದರ ಹಿಂದಿನ ಕಥೆ ಚೆನ್ನಾಗಿದೆ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ.

1968ರ ಅಕ್ಟೋಬರ್‌ನಲ್ಲಿ ಅಮೆರಿಕದ ಒಹಾಯೋ ರಾಜ್ಯದ ನಾರ್ವಾಕ್ ಎಂಬ ಊರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳು, ಮೇಷ್ಟ್ರುಗಳೆಲ್ಲ ಒಟ್ಟಿಗೇ ವಾಂತಿ ಮಾಡಿಕೊಂಡರು. ಕಾರಣವಾದ ವೈರಸ್ಸನ್ನು 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಊರಿನ ಹೆಸರೇ ವೈರಸ್ಸಿಗೆ ಅಂಟಿತು. ನೊರೋ ಅನ್ನುವುದು ಅದರದೇ ತುಂಡು.

ಈಗ ಮುಖ್ಯ ಭಾಗ. 1977ರಲ್ಲಿ ಒಂದು ಪ್ರಯೋಗದ ವರದಿ ಬಂತು. 12 ಜನ ಸ್ವಯಂಸೇವಕರಿಗೆ ಆ ವೈರಸ್ ಕುಡಿಸಿದರು. 6 ಜನಕ್ಕೆ ಕಾಯಿಲೆ ಬಂತು, 6 ಜನಕ್ಕೆ ಬರಲಿಲ್ಲ. ಇದರಲ್ಲೇನಿದೆ ಅನ್ನಬಹುದು. 27ರಿಂದ 42 ತಿಂಗಳು ಬಿಟ್ಟು ಅದೇ ಜನರಿಗೆ ಮತ್ತೆ ಕುಡಿಸಿದರು. ಹಿಂದೆ ಕಾಯಿಲೆ ಬಿದ್ದಿದ್ದ ಅದೇ 6 ಜನ ಮತ್ತೆ ಬಿದ್ದರು. ಆರಾಮಾಗಿದ್ದ 6 ಜನ ಮತ್ತೆ ಆರಾಮಾಗಿಯೇ ಇದ್ದರು!

ನಾವು ಕಲಿತ ಪಾಠಕ್ಕೆ ಇದು ಪೂರ್ತಿ ಉಲ್ಟಾ. ಒಮ್ಮೆ ಕಾಯಿಲೆ ಬಂದವರಿಗೆ ಪ್ರತಿಕಾಯ ಬೆಳೆದು ಎರಡನೇ ಸಲ ತಪ್ಪಬೇಕಿತ್ತು ತಾನೆ? ಇಲ್ಲಿ ಕಾಯಿಲೆಯನ್ನೇ ಕಾಣದವರು ಎರಡೂ ಸಲ ತಪ್ಪಿಸಿಕೊಂಡರು. ಅಂದರೆ ಅವರನ್ನು ಕಾಯ್ದದ್ದು ದೇಹ ಕಲಿತ ಪಾಠ ಅಲ್ಲ, ಬೇರೇನೋ ಇತ್ತು.

ಏನದು ಅಂತ ಸ್ಪಷ್ಟವಾಗಿ ಗೊತ್ತಾಗಲು 2003ರ ತನಕ ಕಾಯಬೇಕಾಯಿತು. ನಮ್ಮ ಕರುಳಿನ ಒಳಗೋಡೆಯ ಮೇಲೆ ಒಂದು ಬಗೆಯ ಸಕ್ಕರೆ ಸರಪಣಿ ಇರುತ್ತದೆ. ರಕ್ತದ ಗುಂಪಿಗೆ ಸಂಬಂಧಪಟ್ಟದ್ದೇ, ಎಚ್ ಆಂಟಿಜೆನ್ ಅಂತ ಹೆಸರು. ವೈರಸ್ ಮೊದಲು ಹಿಡಿದುಕೊಳ್ಳುವುದು ಇದನ್ನು. ಕರುಳಿನಲ್ಲಿ, ಎಂಜಲಿನಲ್ಲಿ ಈ ಸಕ್ಕರೆಯನ್ನು ಕಟ್ಟುವ ಕಿಣ್ವ ಬರುವುದು ನಿಮ್ಮ ಫೈಲಿನಲ್ಲಿರುವ ಎಫ್‌ಯುಟಿ2 ಜೀನಿನಿಂದ. ಎಎ ಇದ್ದವರಲ್ಲಿ ಅಪ್ಪನ ಕಡೆಯದೂ ಅಮ್ಮನ ಕಡೆಯದೂ ಎರಡೂ ಪ್ರತಿ ಕೆಟ್ಟಿರುತ್ತವೆ. ಸಕ್ಕರೆ ಇಲ್ಲ, ವೈರಸ್ಸಿಗೆ ಹಿಡಿತವೂ ಇಲ್ಲ. ಮೊಳೆಯೇ ಇಲ್ಲದ ಗೋಡೆಗೆ ಅಂಗಿ ನೇತುಹಾಕಲು ಹೋದ ಹಾಗೆ. 2003ರ ಅಧ್ಯಯನದಲ್ಲಿ ಹೀಗಿದ್ದ ಸ್ವಯಂಸೇವಕರಲ್ಲಿ ಒಬ್ಬರಿಗೂ ನಾರ್ವಾಕ್ ವೈರಸ್ ತಗುಲಲಿಲ್ಲ.

ಇಂಥವರಿಗೆ ನಾನ್‌ಸೆಕ್ರಿಟರ್ ಅನ್ನುತ್ತಾರೆ. ಯೂರೋಪಿನಲ್ಲಿ ಸುಮಾರು ಐದರಲ್ಲಿ ಒಬ್ಬರು. ನಮ್ಮಲ್ಲೂ ಅಪರೂಪವೇನಲ್ಲ.

ಲೀಡ್ಸ್_ರಾಘು

ಅಂದರೆ ನನ್ನ ಹೊಟ್ಟೆ ಗಟ್ಟಿ ಅಲ್ಲ, ನನ್ನ ಜೀನ್ ಕೆಟ್ಟಿದೆ! ಅತ್ತೆಗೆ ಹೇಗೆ ಹೇಳಲಿ? ಮಗಳಿಗೆ ಯಾಕೆ ಬರಲಿಲ್ಲ ಈ ಭಾಗ್ಯ?

ಪೆಟ್ರಿತಟ್ಟೆ

ನಿಮ್ಮಿಂದ ಅವಳಿಗೆ ಕೆಟ್ಟ ಪ್ರತಿ ಒಂದು ಖಂಡಿತ ಹೋಗಿದೆ, ಕೊಡಲು ನಿಮ್ಮ ಹತ್ತಿರ ಬೇರೆ ಇಲ್ಲವಲ್ಲ. ಅಮ್ಮನಿಂದ ಒಳ್ಳೆಯದು ಬಂದಿರಬೇಕು. ಒಂದು ಒಳ್ಳೆಯದಿದ್ದರೂ ಸಾಕು, ಸಕ್ಕರೆ ತಯಾರಾಗುತ್ತದೆ. ವೈರಸ್ ಬರುತ್ತದೆ.

ಮೂರು ಮಾತು ಬಾಕಿ ಇವೆ. ನಿಮ್ಮ ರಕ್ಷಣೆ ಎಲ್ಲ ನೊರೋವೈರಸ್‌ಗೂ ಅನ್ವಯಿಸುವುದಿಲ್ಲ. ಜಗತ್ತಿನಲ್ಲಿ ಹೆಚ್ಚು ಹರಡಿದ ಬಗೆಗಳಿಗೆ ಚೆನ್ನಾಗಿ ಅನ್ವಯಿಸುತ್ತದೆ, ಕೆಲವು ಬಗೆಗಳು ಈ ಸಕ್ಕರೆಯ ಹಂಗಿಲ್ಲದೆಯೂ ಒಳಗೆ ಹೋಗುತ್ತವೆ. ಎರಡನೆಯದು, ನಿಮಗೆ ತಾಗದಿದ್ದರೂ ನಿಮ್ಮ ಕೈಗೆ ಅಂಟುತ್ತದೆ. ಬಕೆಟ್ ಹಿಡಿದ ಕೈಯಲ್ಲಿ ಚಪಾತಿ ಹಿಟ್ಟು ಕಲಸಬೇಡಿ. ಸ್ಯಾನಿಟೈಸರ್‌ಗೆ ಈ ವೈರಸ್ ಅಷ್ಟಾಗಿ ಹೆದರುವುದಿಲ್ಲ, ಸೋಪು ನೀರೇ ಬೇಕು. ಮೂರನೆಯದು, ಇದರ ಬೆಲೆಯೂ ಇದೆ. ನಾನ್‌ಸೆಕ್ರಿಟರ್‌ಗಳಲ್ಲಿ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯ ಅಪಾಯ ಸ್ವಲ್ಪ ಜಾಸ್ತಿ ಅಂತ 2010ರಲ್ಲಿ ಕಂಡುಬಂತು. ಇನ್ನೊಂದು ಕಡೆ ರಕ್ತದಲ್ಲಿ ಬಿ12 ಮಟ್ಟ ಅವರಲ್ಲಿ ಸರಾಸರಿ ಹೆಚ್ಚು. ಬಿ12 ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಲೇ ಇರುವ ನಮ್ಮ ಸಸ್ಯಾಹಾರಿ ಬಳಗಕ್ಕೆ ಈ ಸುದ್ದಿ ಹೊಟ್ಟೆಕಿಚ್ಚು ತರಬಹುದು.

ರಕ್ತನಿಧಿ_ಕಾವಲು

ಎಚ್ ಆಂಟಿಜೆನ್ ಅಂದ ಕೂಡಲೇ ಕಿವಿ ನೆಟ್ಟಗಾಯಿತು. ನಾನು ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್. ಇದೇ ಎಚ್ ಕೆಂಪು ರಕ್ತಕಣದ ಮೇಲೂ ಇರುತ್ತದೆ. ಅಲ್ಲಿ ಅದನ್ನು ಕಟ್ಟುವುದು ಪಕ್ಕದ ಜೀನು, ಎಫ್‌ಯುಟಿ1. ಎರಡೂ ಇಲ್ಲದವರು ಅಂದರೆ ಬಾಂಬೆ ಬ್ಲಡ್ ಗ್ರೂಪಿನವರು. 1952ರಲ್ಲಿ ಡಾಕ್ಟರ್ ಭೆಂಡೆ ಮತ್ತು ಜೊತೆಗಾರರು ಬಾಂಬೆಯಲ್ಲಿ ಗುರುತಿಸಿದ್ದರಿಂದ ಆ ಹೆಸರು. ನಮ್ಮ ದೇಶದಲ್ಲಿ ಸುಮಾರು 10,000ಕ್ಕೆ ಒಬ್ಬರು.

ಮೊದಲ ಪರೀಕ್ಷೆಯಲ್ಲಿ ಇವರು ಓ ಗುಂಪಿನಂತೆಯೇ ಕಾಣುತ್ತಾರೆ. ಆಮೇಲೆ ಕ್ರಾಸ್‌ಮ್ಯಾಚ್‌ಗೆ ಇಟ್ಟರೆ ಫ್ರಿಜ್ಜಿನಲ್ಲಿರುವ ಒಂದೊಂದೇ ಓ ಚೀಲ ಹೊಂದುವುದಿಲ್ಲ ಅನ್ನುತ್ತಾ ಹೋಗುತ್ತದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಎರಡು ಸಲ ಹಾಗಾಗಿದೆ. ರಾತ್ರಿ ಎರಡು ಗಂಟೆಗೆ, ಹೆರಿಗೆ ಕೇಸು, ನಾಲ್ಕನೇ ಚೀಲವೂ ಗಂಟುಗಟ್ಟಿದಾಗ ಬೆನ್ನಲ್ಲಿ ಬೆವರು ಇಳಿಯಿತು. ಇವರಿಗೆ ಓ ರಕ್ತವೂ ವಿಷ. ಇನ್ನೊಬ್ಬ ಬಾಂಬೆಯವರೇ ಬೇಕು. ದಾನಿಗಳ ವಾಟ್ಸಾಪ್ ಗುಂಪು ಎಬ್ಬಿಸಿ ಪಕ್ಕದ ಜಿಲ್ಲೆಯಿಂದ ಒಬ್ಬರು ಬೈಕಿನಲ್ಲಿ ಬಂದರು.

ಪೆಟ್ರಿತಟ್ಟೆ ಮೇಡಂ ಲೆಕ್ಕದಂತೆ ಇವರ ಕರುಳಿನಲ್ಲೂ ಆ ಮೊಳೆ ಇರಬಾರದು, ಅಲ್ವಾ?

ಪೆಟ್ರಿತಟ್ಟೆ

ಹೌದು. ಬಾಂಬೆ ಗುಂಪಿನವರು ಹುಟ್ಟಾ ನಾನ್‌ಸೆಕ್ರಿಟರ್‌ಗಳು. ವಾಂತಿ ವೈರಸ್ಸಿಗೆ ಒಂದು ಬಾಗಿಲು ಮುಚ್ಚಿದೆ, ಆದರೆ ಅಪಘಾತವಾದರೆ ರಕ್ತ ಸಿಗುವುದು ಕಷ್ಟ. ರಾಘು ಅವರೇ, ಗಾಬರಿ ಬೇಡ. ನಿಮಗೆ ಎಫ್‌ಯುಟಿ1 ಸರಿಯಿದ್ದರೆ ರಕ್ತದ ತೊಂದರೆ ಏನಿಲ್ಲ.

ಸಂಶಯ_ಸೋಮಣ್ಣ

ಇಷ್ಟೆಲ್ಲ ವಾಂತಿ ಮಾತಾಯಿತು. ದೊಡ್ಡ ಪ್ರಶ್ನೆ ಕೇಳುತ್ತೇನೆ. ಎಚ್‌ಐವಿ ಎಷ್ಟೇ ಸಲ ಮೈಮೇಲೆ ಬಂದರೂ ತಾಗದ ಜನ ಇದ್ದಾರಂತೆ. ಇದು ಯೂಟ್ಯೂಬ್ ಬುರುಡೆಯೋ ನಿಜವೋ?

ಪೆಟ್ರಿತಟ್ಟೆ

ನಿಜ. ಈ ವಿಷಯದಲ್ಲಿ ನನಗೆ ಬಾಯಿ ಕಟ್ಟಿಕೊಳ್ಳಲು ಆಗುವುದಿಲ್ಲ, ಉದ್ದವಾದರೆ ಕ್ಷಮಿಸಿ.

ನ್ಯೂಯಾರ್ಕಿನಲ್ಲಿ ಸ್ಟೀಫನ್ ಕ್ರೋನ್ ಅನ್ನುವ ಕಲಾವಿದ ಇದ್ದರು. 1982ರಲ್ಲಿ ಅವರ ಸಂಗಾತಿ ಜೆರ್ರಿ ಗ್ರೀನ್ ತೀರಿಕೊಂಡರು. ಏಡ್ಸ್ ಅನ್ನುವ ಹೆಸರೇ ಆಗ ರೂಢಿಗೆ ಬಂದಿರಲಿಲ್ಲ. ಮುಂದಿನ ವರ್ಷಗಳಲ್ಲಿ ಗೆಳೆಯರು ಒಬ್ಬೊಬ್ಬರಾಗಿ ಹೋದರು. ಕ್ರೋನ್‌ಗೆ ಮಾತ್ರ ಏನೂ ಆಗಲಿಲ್ಲ. ನನ್ನನ್ನು ಪರೀಕ್ಷೆ ಮಾಡಿ, ನನ್ನಲ್ಲಿ ಏನೋ ಇದೆ ಅಂತ ಅವರೇ ವಿಜ್ಞಾನಿಗಳ ಬಾಗಿಲು ತಟ್ಟಿದರು. ಕೊನೆಗೆ ನ್ಯೂಯಾರ್ಕಿನ ಆರನ್ ಡೈಮಂಡ್ ಏಡ್ಸ್ ಸಂಶೋಧನಾ ಕೇಂದ್ರದಲ್ಲಿ ಬಿಲ್ ಪ್ಯಾಕ್ಸ್‌ಟನ್ ಎಂಬ ಸಂಶೋಧಕ ಇವರ ರಕ್ತದ ಸಿಡಿ4 ಕಣಗಳಿಗೆ, ಅಂದರೆ ಎಚ್‌ಐವಿ ಗುರಿಮಾಡುವ ಬಿಳಿ ರಕ್ತಕಣಗಳಿಗೆ, ವೈರಸ್ ಹಾಕಿದರು. ತಾಗಲಿಲ್ಲ. ಪ್ರಮಾಣ ಏರಿಸುತ್ತಾ ಹೋದರು. ಆಗಲೂ ತಾಗಲಿಲ್ಲ.

1996ರಲ್ಲಿ ಕಾರಣ ಸಿಕ್ಕಿತು. ಒಂದೇ ವರ್ಷದಲ್ಲಿ ನ್ಯೂಯಾರ್ಕ್, ಬ್ರಸೆಲ್ಸ್ ಸೇರಿ ಹಲವು ಗುಂಪುಗಳು ಒಂದೇ ಉತ್ತರಕ್ಕೆ ಬಂದವು. ಎಚ್‌ಐವಿ ಕಣದೊಳಗೆ ಹೋಗಲು ಅದರ ಮೇಲ್ಮೈಯ ಸಿಡಿ4 ಅನ್ನುವ ಪ್ರೋಟೀನ್ ಒಂದೇ ಸಾಲದು, ಪಕ್ಕದಲ್ಲಿ ಸಿಸಿಆರ್5 ಅನ್ನುವ ಇನ್ನೊಂದು ಪ್ರೋಟೀನೂ ಬೇಕು. ಚಿಲಕ ಒಂದು, ಅಗುಳಿ ಒಂದು ಅಂದುಕೊಳ್ಳಿ. ಕ್ರೋನ್‌ರ ಸಿಸಿಆರ್5 ಜೀನಿನಲ್ಲಿ ಡಿಎನ್‌ಎಯ 32 ಅಕ್ಷರ ಬಿಟ್ಟುಹೋಗಿವೆ. ಅದಕ್ಕೇ ಈ ಬದಲಾವಣೆಗೆ ಡೆಲ್ಟಾ32 ಅಂತ ಹೆಸರು. ಪ್ರೋಟೀನು ಅರ್ಧಕ್ಕೇ ತುಂಡಾಗುತ್ತದೆ, ಕಣದ ಮೇಲ್ಮೈಗೆ ಬರುವುದೇ ಇಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಇದೇ ಬಂದವರಿಗೆ ಸಾಮಾನ್ಯ ಎಚ್‌ಐವಿ ಒಳಗೆ ಹೋಗಲಾರದು. ಒಬ್ಬರಿಂದ ಮಾತ್ರ ಬಂದಿದ್ದರೆ ಸೋಂಕು ತಾಗುತ್ತದೆ, ಆದರೆ ಕಾಯಿಲೆ ನಿಧಾನವಾಗಿ ಏರುತ್ತದೆ.

ಒಂದು ತಮಾಷೆ. ಮೇಲೆ ಕ್ರೋನ್ಸ್ ಕಾಯಿಲೆ ಅಂದೆನಲ್ಲ, ಆ ಕಾಯಿಲೆಗೆ ಹೆಸರು ಬಂದದ್ದು ಡಾಕ್ಟರ್ ಬರ್ರಿಲ್ ಕ್ರೋನ್ ಅವರಿಂದ. ಸ್ಟೀಫನ್ ಅವರ ಕುಟುಂಬದ ಹಿರಿಯ, ಸಂಬಂಧದಲ್ಲಿ ಅಜ್ಜನಾಗಬೇಕು. ಎರಡೂ ಕಥೆ ಒಂದೇ ಮನೆತನದ ಬಾಗಿಲಿಗೆ ಬಂದು ನಿಲ್ಲುತ್ತವೆ.

ಆದರೆ ಸ್ಟೀಫನ್ ಕ್ರೋನ್‌ರ ಕೊನೆ ತಮಾಷೆಯದ್ದಲ್ಲ. 2013ರಲ್ಲಿ, 66ನೇ ವಯಸ್ಸಿನಲ್ಲಿ, ಅವರು ತಮ್ಮ ಜೀವ ತಾವೇ ಕಳೆದುಕೊಂಡರು.

ಕೃಷ್ಣಾತೀರ

ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಉತ್ತರ ಕರ್ನಾಟಕದಲ್ಲಿ ಎಚ್‌ಐವಿ ಆಪ್ತಸಮಾಲೋಚಕಿ. ತನಗೆ ಬರಲಿಲ್ಲ ಅನ್ನುವುದೇ ಒಂದು ಭಾರ ಆಗುವುದನ್ನು ನೋಡಿದ್ದೇನೆ. ಗಂಡ ಹೋಗಿ, ಮೈದುನ ಹೋಗಿ, ತಾನು ಮಾತ್ರ ನೆಗೆಟಿವ್ ಅಂತ ರಿಪೋರ್ಟ್ ಹಿಡಿದ ಹೆಣ್ಣುಮಗಳು ಖುಷಿಪಡುತ್ತಾಳೆ ಅಂದುಕೊಂಡಿದ್ದೆ. "ನನ್ನನ್ನ್ಯಾಕ ಬಿಟ್ಟ ದೇವರು" ಅಂದಳು.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ಚರ್ಚೆ ಯಾರಾದರೂ ಅರ್ಧ ಓದಿ ಬಿಟ್ಟರೆ ಕಷ್ಟ. ನಮ್ಮ ಕಡೆ ಒಬ್ಬ ಲಾರಿ ಡ್ರೈವರ್ ಬರುತ್ತಿದ್ದ. ಅವನು ಪಾಸಿಟಿವ್, ಹೆಂಡತಿ ಆರು ವರ್ಷವಾದರೂ ನೆಗೆಟಿವ್. ಮನೆಯವರೆಲ್ಲ ಸೇರಿ ಅವಳ ರಕ್ತ ಭಾಳ ಗಟ್ಟಿ, ಅವಳಿಗೆ ತಾಗಂಗಿಲ್ಲ ಅಂತ ತೀರ್ಮಾನ ಮಾಡಿಬಿಟ್ಟರು. ಇವನು ಮಾತ್ರೆ ತಪ್ಪಿಸಲು ಶುರು ಮಾಡಿದ. ಕಾಂಡೋಮ್ ಅಂತೂ ಎಂದೋ ಬಿಟ್ಟಿದ್ದ. ಏಳನೇ ವರ್ಷ ಅವಳ ರಿಪೋರ್ಟ್ ಕೊಡುವಾಗ ನನ್ನ ಕೈ ನಡುಗಿತು. ಆಗ ಅವಳಿಗೆ ಐದು ತಿಂಗಳು.

ಮೇಡಂ, ಈ ಡೆಲ್ಟಾ32 ನಮ್ಮ ಜನರಲ್ಲಿ ಎಷ್ಟಿದೆ ಅಂತ ದಯವಿಟ್ಟು ಬಿಡಿಸಿ ಬರೆಯಿರಿ.

ಪೆಟ್ರಿತಟ್ಟೆ

ಬರೆಯಬೇಕಿತ್ತು, ತಪ್ಪು ನನ್ನದು. ಡೆಲ್ಟಾ32 ಮುಖ್ಯವಾಗಿ ಯೂರೋಪಿನ ಮೂಲದವರ ಸ್ವತ್ತು. ಅಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಒಂದು ಪ್ರತಿ, ನೂರರಲ್ಲಿ ಒಬ್ಬರಿಗೆ ಎರಡೂ ಪ್ರತಿ. ಉತ್ತರಕ್ಕೆ ಹೋದಷ್ಟೂ ಜಾಸ್ತಿ. ಆಫ್ರಿಕಾ, ಪೂರ್ವ ಏಷ್ಯಾದಲ್ಲಿ ಇಲ್ಲವೆಂದೇ ಹೇಳಬಹುದು. ಭಾರತದಲ್ಲಿ ಬಹಳ ಅಪರೂಪ, ಅದರಲ್ಲೂ ದಕ್ಷಿಣದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಎರಡು ಪ್ರತಿ ಇರುವ ಕನ್ನಡಿಗ ಸಿಗುವ ಸಾಧ್ಯತೆಗಿಂತ ಲಾಟರಿ ಹೊಡೆಯುವ ಸಾಧ್ಯತೆ ಜಾಸ್ತಿ ಅನ್ನಬೇಕು.

ಹಾಗಾದರೆ ಆ ಹೆಣ್ಣುಮಗಳು ಆರು ವರ್ಷ ಹೇಗೆ ಉಳಿದಳು? ಅದು ಅದೃಷ್ಟದ ಲೆಕ್ಕ. ಗಂಡಸಿನಿಂದ ಹೆಂಗಸಿಗೆ ಒಂದು ಸಲದ ಕೂಡುವಿಕೆಯಲ್ಲಿ ಎಚ್‌ಐವಿ ದಾಟುವ ಸಾಧ್ಯತೆ ಸರಾಸರಿ 10,000ಕ್ಕೆ 8 ಅಂತ ಅಂದಾಜು. ಕೇಳಲು ಸಣ್ಣದು. ಆದರೆ ಪ್ರತಿ ಸಲವೂ ಹೊಸದಾಗಿ ಕವಡೆ ಎಸೆದ ಹಾಗೆ. ಹಿಂದಿನ ಆರು ವರ್ಷ ಮುಂದಿನ ರಾತ್ರಿಗೆ ಯಾವ ಖಾತ್ರಿಯನ್ನೂ ಕೊಡುವುದಿಲ್ಲ.

ಇನ್ನೂ ಒಂದು ಉದಾಹರಣೆ ಕೇಳಿ. ಕೆನ್ಯಾದ ನೈರೋಬಿಯ ಪುಮ್ವಾನಿ ಪ್ರದೇಶದ ಲೈಂಗಿಕ ಕಾರ್ಯಕರ್ತೆಯರನ್ನು 1980ರ ದಶಕದಿಂದ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ಫ್ರಾಂಕ್ ಪ್ಲಮ್ಮರ್ ಎಂಬ ಕೆನಡಾದ ವೈದ್ಯರ ತಂಡ. ಸುತ್ತಲಿನವರಿಗೆಲ್ಲ ಸೋಂಕು ತಾಗಿದರೂ ಒಂದಷ್ಟು ಹೆಂಗಸರಿಗೆ ವರ್ಷಗಟ್ಟಲೆ ತಾಗಲಿಲ್ಲ. ಅವರಲ್ಲಿ ಡೆಲ್ಟಾ32 ಇರಲಿಲ್ಲ. ಎಚ್‌ಎಲ್‌ಎ ಅನ್ನುವ ಬೇರೆ ಜೀನುಗಳ ಪಾತ್ರ ಕಂಡಿತು, ವೈರಸ್ ವಿರುದ್ಧ ಕೆಲಸ ಮಾಡುವ ಟಿ ಕಣಗಳೂ ಕಂಡವು. ಆದರೆ ಅವರಲ್ಲಿ ಕೆಲವರು ಆ ಕೆಲಸದಿಂದ ಕೆಲಕಾಲ ಬಿಡುವು ತೆಗೆದುಕೊಂಡು ಮರಳಿದಾಗ ಸೋಂಕು ತಾಗಿತು! ಹುಟ್ಟಿನಿಂದ ಬಂದ ಬೀಗವಾಗಿದ್ದರೆ ಹಾಗಾಗುತ್ತಿರಲಿಲ್ಲ.

ಕೊನೆಗೆ, ಎರಡು ಪ್ರತಿ ಡೆಲ್ಟಾ32 ಇದ್ದವರಿಗೂ ಪೂರ್ತಿ ಅಭಯ ಇಲ್ಲ. ಸಿಎಕ್ಸ್‌ಸಿಆರ್4 ಅನ್ನುವ ಬೇರೆ ಬಾಗಿಲಿನಿಂದ ನುಗ್ಗುವ ಎಚ್‌ಐವಿ ಬಗೆಯೂ ಇದೆ. ಅಪರೂಪಕ್ಕೆ ಅಂಥವರಿಗೂ ಸೋಂಕು ತಾಗಿದ್ದು ದಾಖಲಾಗಿದೆ.

ಕೃಷ್ಣಾತೀರ

ಕವಡೆಯ ಮಾತು ನಾಳೆಯಿಂದಲೇ ನನ್ನ ಟೇಬಲ್ಲಿಗೆ ಬರುತ್ತದೆ, ಕದ್ದುಕೊಂಡೆ.

ಒಂದು ಸೇರಿಸುತ್ತೇನೆ. ಹೆಂಡತಿಯನ್ನು ನಿಜವಾಗಿ ಕಾಯುವುದು ಗಂಡನ ಮಾತ್ರೆ. 2011ರಲ್ಲಿ ಎಚ್‌ಪಿಟಿಎನ್ 052 ಅನ್ನುವ ಅಧ್ಯಯನದ ಫಲಿತಾಂಶ ಬಂತು. 1,763 ಜೋಡಿಗಳು, 9 ದೇಶ, ಭಾರತವೂ ಅದರಲ್ಲಿತ್ತು. ಬೇಗ ಚಿಕಿತ್ಸೆ ಶುರು ಮಾಡಿದವರಿಂದ ಸಂಗಾತಿಗೆ ಸೋಂಕು ದಾಟುವುದು 96% ಕಡಿಮೆಯಾಯಿತು. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕವಾಗಿ ದಾಟುವುದೇ ಇಲ್ಲ ಅಂತ ಆಮೇಲೆ ಗಟ್ಟಿಯಾಯಿತು. ಆ ಡ್ರೈವರ್ ಹೆಂಡತಿಗೆ ಮಗು ಹುಟ್ಟಿತು. ಬಸುರಿಯಾಗಿದ್ದಾಗಲೇ ಅವಳಿಗೆ ಮಾತ್ರೆ ಶುರು ಮಾಡಿದ್ದರಿಂದ ಮಗು ನೆಗೆಟಿವ್. ಅದಕ್ಕೆ ಯಾವ ಜೀನೂ ಬೇಕಾಗಲಿಲ್ಲ.

ಸಂಶಯ_ಸೋಮಣ್ಣ

ಒಪ್ಪಿದೆ ಅಕ್ಕ. ಆದರೆ ಡೆಲ್ಟಾ32 ಇರುವವರ ಮಜ್ಜೆ ತೆಗೆದು ಎಚ್‌ಐವಿ ಇದ್ದವರಿಗೆ ಹಾಕಿದರೆ ವಾಸಿಯಾಗುತ್ತದಲ್ಲ? ಬರ್ಲಿನ್‌ನಲ್ಲಿ ಮಾಡಿದ್ದರು. ಎಲ್ಲರಿಗೂ ಯಾಕೆ ಮಾಡುವುದಿಲ್ಲ? ಔಷಧ ಕಂಪನಿಗಳ ಕೈವಾಡವಾ?

ಪೆಟ್ರಿತಟ್ಟೆ

ಕೈವಾಡ ಏನಿಲ್ಲ ಸೋಮಣ್ಣ. ಟಿಮೋತಿ ರೇ ಬ್ರೌನ್ ಬರ್ಲಿನ್‌ನಲ್ಲಿದ್ದ ಅಮೆರಿಕದವರು. 1995ರಲ್ಲಿ ಎಚ್‌ಐವಿ, 2006ರಲ್ಲಿ ರಕ್ತದ ಕ್ಯಾನ್ಸರ್. ಕ್ಯಾನ್ಸರ್‌ಗೆ ಹೇಗೂ ಕಾಂಡಕೋಶದ ಕಸಿ, ಅಂದರೆ ಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಕೋಶಗಳ ಕಸಿ, ಬೇಕಿತ್ತು. ವೈದ್ಯ ಗೆರೋ ಹ್ಯೂಟರ್ ಬುದ್ಧಿ ಓಡಿಸಿದರು, ಹೊಂದುವ ದಾನಿಗಳಲ್ಲಿ ಎರಡು ಪ್ರತಿ ಡೆಲ್ಟಾ32 ಇರುವವರನ್ನೇ ಹುಡುಕೋಣ ಅಂತ. 61ನೇ ದಾನಿಯಲ್ಲಿ ಸಿಕ್ಕಿತು. 2007ರಲ್ಲಿ ಕಸಿ ಆಯಿತು. ಕ್ಯಾನ್ಸರ್ ಮರಳಿತು, 2008ರಲ್ಲಿ ಅದೇ ದಾನಿಯಿಂದ ಎರಡನೇ ಕಸಿ. ಎಚ್‌ಐವಿ ಮತ್ತೆ ಬರಲಿಲ್ಲ. ಆದರೆ ಆ ಮನುಷ್ಯ ಸಾವಿನ ಹತ್ತಿರ ಹೋಗಿ ಬಂದರು, ನಡೆಯುವುದನ್ನು, ಮಾತಾಡುವುದನ್ನು ಮತ್ತೆ ಕಲಿಯಬೇಕಾಯಿತು. 2020ರಲ್ಲಿ ಅದೇ ಕ್ಯಾನ್ಸರ್‌ಗೆ ತೀರಿಕೊಂಡರು. ಎಚ್‌ಐವಿ ಇಲ್ಲದೆ.

ಕಸಿಯಲ್ಲಿ ಮೊದಲು ನಿಮ್ಮ ಮಜ್ಜೆಯನ್ನು ಸುಟ್ಟುಹಾಕುತ್ತಾರೆ. ದಿನಕ್ಕೊಂದು ಮಾತ್ರೆಯಲ್ಲಿ ಹತೋಟಿಗೆ ಬರುವ ಕಾಯಿಲೆಗೆ ಯಾವ ವೈದ್ಯನೂ ಆ ಅಪಾಯಕ್ಕೆ ಕೈಹಾಕುವುದಿಲ್ಲ. ಆಮೇಲೆ ವಾಸಿಯಾದ ಲಂಡನ್ನಿನ ಆಡಂ ಕ್ಯಾಸ್ಟಿಲೆಹೊ ಮತ್ತಿತರ ಬೆರಳೆಣಿಕೆಯ ಜನರಿಗೂ ಕಸಿ ಮಾಡಿದ್ದು ಕ್ಯಾನ್ಸರ್ ಇದ್ದದ್ದಕ್ಕೇ. ಇನ್ನೂ ಸ್ವಾರಸ್ಯ ಅಂದರೆ 2023ರಲ್ಲಿ ವರದಿಯಾದ ಜಿನೀವಾದ ರೋಗಿ. ಅವರ ದಾನಿಯಲ್ಲಿ ಡೆಲ್ಟಾ32 ಇರಲೇ ಇಲ್ಲ, ಆದರೂ ವೈರಸ್ ಮರಳಲಿಲ್ಲ. ಹಾಗಾಗಿ ಈ ಒಂದು ಜೀನೇ ಸರ್ವಸ್ವ ಅನ್ನುವ ಹಾಗೂ ಇಲ್ಲ.

ಕ್ರೋನ್‌ರಂಥವರಿಂದ ಎಲ್ಲರಿಗೂ ಸಿಕ್ಕಿದ್ದು ಬೇರೆ ರೀತಿಯಲ್ಲಿ. ಸಿಸಿಆರ್5 ಇಲ್ಲದೆಯೂ ಮನುಷ್ಯ ಬದುಕಬಲ್ಲ ಅಂತ ಗೊತ್ತಾದ ಮೇಲೆ ಅದಕ್ಕೆ ಅಡ್ಡ ನಿಲ್ಲುವ ಮಾತ್ರೆ ಮಾಡಬಹುದಲ್ಲ! ಮರಾವಿರಾಕ್ ಎಂಬ ಔಷಧ 2007ರಲ್ಲಿ ಬಂದದ್ದು ಹಾಗೆ.

ಬಿಇ_ಬಿಟ್ಟವ

ಮಜ್ಜೆ ಯಾಕೆ, ಹುಟ್ಟುವ ಮೊದಲೇ ಜೀನು ಕತ್ತರಿಸಿದರೆ? ಚೀನಾದಲ್ಲಿ ಮಾಡಿದರಲ್ಲ.

ಪೆಟ್ರಿತಟ್ಟೆ

ಮಾಡಿ ಜೈಲಿಗೆ ಹೋದರು. ಶೆನ್‌ಜೆನ್‌ನ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿ, 2018ರ ನವೆಂಬರ್‌ನಲ್ಲಿ ಸುದ್ದಿಯಾಯಿತು. ಅವಳಿ ಹೆಣ್ಣುಮಕ್ಕಳ ಭ್ರೂಣದಲ್ಲಿ ಸಿಸಿಆರ್5 ಕತ್ತರಿಸಲು ಹೊರಟಿದ್ದ. ನಿಜವಾದ ಡೆಲ್ಟಾ32 ಆಗಲೇ ಇಲ್ಲ, ಬೇರೆ ಬೇರೆ ಕಡೆ ತುಂಡಾಯಿತು. ಆ ಮಕ್ಕಳಿಗೆ ರಕ್ಷಣೆ ಇದೆಯೋ ಇಲ್ಲವೋ ಯಾರೂ ಹೇಳಲಾರರು. ಆತನಿಗೆ 3 ವರ್ಷ ಸೆರೆ. ನನಗೆ ಈ ವಿಷಯದಲ್ಲಿ ಇನ್ನೂ ಸಿಟ್ಟಿದೆ. ತಂದೆಗೆ ಎಚ್‌ಐವಿ ಇದ್ದರೂ ವೀರ್ಯ ತೊಳೆದು ಬಳಸಿದರೆ ಮಗುವಿಗೆ ಸೋಂಕು ಬಾರದ ವಿಧಾನ ಮೊದಲೇ ಇತ್ತು. ಅಗತ್ಯವೇ ಇರಲಿಲ್ಲ.

ಮೇಲಾಗಿ ಸಿಸಿಆರ್5 ಸುಮ್ಮನೆ ಕೂತಿರುವ ಜೀನಲ್ಲ. ಅದು ಇಲ್ಲದವರಿಗೆ ವೆಸ್ಟ್ ನೈಲ್ ವೈರಸ್ ತಾಗಿದರೆ ಕಾಯಿಲೆ ಜೋರಾಗುವ ಸಾಧ್ಯತೆ ಹೆಚ್ಚು ಅಂತ 2006ರಲ್ಲೇ ಗೊತ್ತಾಗಿತ್ತು. ನಮ್ಮ ಪಕ್ಕದ ಕೇರಳದಲ್ಲೂ ಸೊಳ್ಳೆಯಿಂದ ಹರಡುವ ವೈರಸ್ ಅದು. ಇನ್ನೊಂದು ಕಡೆ, ಡೆಲ್ಟಾ32 ಎರಡು ಪ್ರತಿ ಇದ್ದವರು ಬೇಗ ಸಾಯುತ್ತಾರೆ ಅಂತ 2019ರಲ್ಲಿ ಒಂದು ದೊಡ್ಡ ಸುದ್ದಿ ಬಂತು, ಅದೇ ವರ್ಷ ಆ ಲೇಖನವನ್ನು ವಾಪಸ್ ತೆಗೆದುಕೊಂಡರು. ಡಿಎನ್‌ಎ ಓದುವ ಚಿಪ್ ಆ 32 ಅಕ್ಷರದ ಖಾಲಿ ಜಾಗವನ್ನು ಸರಿಯಾಗಿ ಗುರುತಿಸಿರಲಿಲ್ಲ. ವಿಜ್ಞಾನಿಗಳ ಚಿಪ್ಪೇ ಎಡವುತ್ತದೆ. ಎಂಜಲು ಕಳಿಸಿ ಬಂದ ಕಚ್ಚಾ ಫೈಲ್ ನಂಬಿ ಯಾರೂ ದೊಡ್ಡ ತೀರ್ಮಾನ ಮಾಡಬೇಡಿ. ರಾಘು ಅವರದು ವಾಂತಿ ಮಟ್ಟಿಗಿನ ತೀರ್ಮಾನ, ಪರವಾಗಿಲ್ಲ.

ಉಣುಗು_ಕಚ್ಚಿದವ

ಸಾಗರದ ಕಡೆಯವನು. ನಮ್ಮಜ್ಜ ದಿನಾ ಕಾಡಿಗೆ ಹೋಗಿ ದರಗು ತರುತ್ತಿದ್ದರು. ಮೈತುಂಬಾ ಉಣುಗು. ಕೇರಿಯಲ್ಲಿ ಮೂರು ಮನೆಗೆ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಬಂತು, ಅಜ್ಜನಿಗೆ ಬರಲಿಲ್ಲ. 90 ದಾಟಿ ಹೋದರು. ಅವರದ್ದೂ ಜೀನೇ ಇರಬಹುದಾ? ಹಾಗಿದ್ದರೆ ನನಗೂ ಬಂದಿರುತ್ತದಾ? ನಾನು ವಾರಕ್ಕೊಮ್ಮೆ ತೋಟದ ಸೊಪ್ಪಿನ ಬೆಟ್ಟಕ್ಕೆ ಹೋಗುವವನು.

ಪೆಟ್ರಿತಟ್ಟೆ

ಮಂಗನ ಕಾಯಿಲೆಗೆ ಡೆಲ್ಟಾ32ರಂಥ ಹೆಸರು ಹಿಡಿದು ಹೇಳಬಹುದಾದ ಮನುಷ್ಯ ಜೀನ್ ಇಲ್ಲ. ಅಜ್ಜನಿಗೆ ಯಾವಾಗಲೋ ಸಣ್ಣ ಜ್ವರವಾಗಿ ಬಂದು ಹೋಗಿರಬಹುದು. ಆಮೇಲೆ ದೇಹ ಅದನ್ನು ನೆನಪಿಟ್ಟುಕೊಂಡಿರಬಹುದು. ಅದು ಅವರು ಬದುಕಿನಲ್ಲಿ ಗಳಿಸಿದ ಆಸ್ತಿ, ಮೊಮ್ಮಗನ ಹೆಸರಿಗೆ ಖಾತೆ ಆಗುವುದಿಲ್ಲ. ಅಥವಾ ಅವರಿಗೆ ಕಚ್ಚಿದ ಉಣುಗಿನಲ್ಲಿ ವೈರಸ್ಸೇ ಇರಲಿಲ್ಲ. ಎಲ್ಲ ಉಣುಗೂ ಹೊತ್ತಿರುವುದಿಲ್ಲ.

ಆದರೆ ನಿಮ್ಮ ಪ್ರಶ್ನೆಗೆ ಇಲಿಗಳ ಕಡೆಯಿಂದ ಒಂದು ಉತ್ತರ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ಈ ವೈರಸ್ ಫ್ಲೇವಿವೈರಸ್ ಕುಲದ್ದು, ಡೆಂಗಿ, ಹಳದಿ ಜ್ವರಗಳ ದಾಯಾದಿ. ಈ ಕುಲದ ವೈರಸ್ಸುಗಳಿಗೆ ಕೆಲವು ಇಲಿ ತಳಿಗಳು ಜಗ್ಗುವುದಿಲ್ಲ ಅಂತ ಅಮೆರಿಕದ ರಾಕ್‌ಫೆಲ್ಲರ್ ಸಂಸ್ಥೆಯ ಲೆಸ್ಲಿ ವೆಬ್‌ಸ್ಟರ್ 1930ರ ದಶಕದಲ್ಲೇ ತೋರಿಸಿದ್ದರು. ಜೀನು ಸಿಕ್ಕಿದ್ದು 2002ರಲ್ಲಿ, ಒಎಎಸ್1ಬಿ ಅಂತ. ಹಲವು ಕಾಡಿಲಿಗಳಲ್ಲಿ ಅದು ಸರಿಯಾಗಿದೆ. ನಮ್ಮ ಲ್ಯಾಬಿನ ಬಿಳಿ ಇಲಿಗಳಲ್ಲಿ ಕೆಟ್ಟಿದೆ, ಅದಕ್ಕೇ ಅವು ಪಟಪಟ ಸಾಯುತ್ತವೆ.

ನಾನು ಇಲ್ಲಿಯವರೆಗೆ ಜೀನು ಕೆಟ್ಟರೆ ರಕ್ಷಣೆ ಅಂತ ಹೇಳಿಕೊಂಡು ಬಂದೆ. ಇಲ್ಲಿ ಉಲ್ಟಾ. ಜೀನು ಸರಿಯಿದ್ದರೆ ರಕ್ಷಣೆ. ಎರಡು ಬಗೆಯೂ ಇವೆ.

ನೀವು ಬೆಟ್ಟಕ್ಕೆ ಹೋಗುವ ಮೊದಲು ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಮಂಡ್ಯದ_ಮುದ್ದೆ

ಖಾತೆ ಆಗುವುದಿಲ್ಲ, ಹಹಹ. ನಮ್ಮ ಭಾರತೀಯರಿಗೆ ಅಂತ ಖಾತೆಯಾಗಿ ಬಂದದ್ದು ಏನಾದರೂ ಇದೆಯಾ? ಎಲ್ಲ ಒಳ್ಳೆಯದೂ ಯೂರೋಪಿನವರಿಗೇ ಹೋಯಿತಾ?

ಪೆಟ್ರಿತಟ್ಟೆ

ಇದೆ, ಆದರೆ ಕೇಳಿ ಅಳಬೇಕೋ ನಗಬೇಕೋ ನೀವೇ ನೋಡಿ. ನಮ್ಮ 3ನೇ ಕ್ರೋಮೋಸೋಮಿನಲ್ಲಿ ನಿಯಾಂಡರ್ತಲ್ ಮಾನವರಿಂದ ಬಂದ ಒಂದು ತುಂಡು ಇದೆ. ಸುಮಾರು 60,000 ವರ್ಷದ ಹಿಂದಿನ ಸಂಬಂಧದ ಬಳುವಳಿ. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧ ಜನರಲ್ಲಿದೆ, ಯೂರೋಪಿನಲ್ಲಿ 16%. ಇದು ಇದ್ದವರಿಗೆ ಕೋವಿಡ್ ಗಂಭೀರವಾಗುವ ಅಪಾಯ ಹೆಚ್ಚು ಅಂತ 2020ರಲ್ಲಿ ಹ್ಯೂಗೋ ಜೆಬರ್ಗ್ ಮತ್ತು ಸ್ವಾಂತೆ ಪಾಬೊ ತೋರಿಸಿದರು.

ಕಥೆ ಮುಗಿಯಲಿಲ್ಲ. ಸಿಸಿಆರ್5 ಇರುವುದೂ ಅದೇ ಕ್ರೋಮೋಸೋಮಿನಲ್ಲಿ, ಅದೇ ಓಣಿಯಲ್ಲಿ. 2022ರಲ್ಲಿ ಜೆಬರ್ಗ್ ಲೆಕ್ಕ ಹಾಕಿದರೆ, ಈ ತುಂಡು ಇರುವವರಲ್ಲಿ ಸಿಸಿಆರ್5 ಕಡಿಮೆ ತಯಾರಾಗುತ್ತದೆ, ಎಚ್‌ಐವಿ ತಾಗುವ ಅಪಾಯ 27% ಕಡಿಮೆ! ಕೃಷ್ಣಾತೀರ ಅಕ್ಕ, 27% ಅನ್ನುವುದನ್ನು ದಯವಿಟ್ಟು ಯಾರಿಗೂ ಹೇಳಬೇಡಿ. ಕವಡೆ ಎಸೆಯುವವರಿಗೆ ಅದು ಏನೇನೂ ಅಲ್ಲ.

ಕೃಷ್ಣಾತೀರ

ಸತ್ತರೂ ಹೇಳುವುದಿಲ್ಲ.

ಬಿಇ_ಬಿಟ್ಟವ

ಡೆಲ್ಟಾ32 ಯೂರೋಪಿನಲ್ಲಿ ಅಷ್ಟು ಹರಡಿದ್ದು ಪ್ಲೇಗಿನಿಂದ ಅಂತ ಕೇಳಿದ್ದೆ. ಪ್ಲೇಗ್ ಮಾರಿ ಬಂದಾಗ ಅದು ಇದ್ದವರು ಉಳಿದರು ಅಂತ.

ಪೆಟ್ರಿತಟ್ಟೆ

ಒಂದು ಕಾಲಕ್ಕೆ ಎಲ್ಲರೂ ಹಾಗೇ ಹೇಳುತ್ತಿದ್ದರು, ನಾನೂ ತರಗತಿಯಲ್ಲಿ ಹಾಗೇ ಕಲಿತೆ. ಈ ಬದಲಾವಣೆಗೆ ಸುಮಾರು 700 ವರ್ಷ ಅಂತ ಮೊದಲ ಅಂದಾಜಿತ್ತು, 1340ರ ದಶಕದ ಪ್ಲೇಗಿಗೆ ಚೆನ್ನಾಗಿ ಹೊಂದಿತು. ಆಮೇಲೆ ಅದಕ್ಕಿಂತ ಬಹಳ ಹಳೆಯ ಎಲುಬುಗಳಲ್ಲೂ ಡೆಲ್ಟಾ32 ಸಿಕ್ಕಿತು. 2025ರಲ್ಲಿ ಪ್ರಕಟವಾದ ಕೋಪನ್‌ಹೇಗನ್ ತಂಡದ ಲೆಕ್ಕದ ಪ್ರಕಾರ ಇದು 6,700ರಿಂದ 9,000 ವರ್ಷದ ಹಿಂದೆ ಕಪ್ಪು ಸಮುದ್ರದ ಆಸುಪಾಸಿನ ಒಬ್ಬ ವ್ಯಕ್ತಿಯಲ್ಲಿ ಶುರುವಾದದ್ದು. ಎಚ್‌ಐವಿ ಮನುಷ್ಯರಿಗೆ ಬಂದದ್ದು ಮೊನ್ನೆ ಮೊನ್ನೆ, 20ನೇ ಶತಮಾನದ ಆರಂಭದಲ್ಲಿ. ಹಾಗಾಗಿ ಎಚ್‌ಐವಿಗೆ ಅಂತ ಇದು ಹುಟ್ಟಿದ್ದೇ ಅಲ್ಲ. ಯಾರೋ ಯಾವುದೋ ಕಾಲದಲ್ಲಿ ಕಳೆದುಕೊಂಡ 32 ಅಕ್ಷರ ಸ್ಟೀಫನ್ ಕ್ರೋನ್‌ರ ಪಾಲಿಗೆ ಉಪಯೋಗಕ್ಕೆ ಬಂತು, ಅಷ್ಟೇ.

ಲೀಡ್ಸ್_ರಾಘು

ಎರಡು ವಾರ ಬಿಟ್ಟು ಬಂದೆ, ಎಲ್ಲ ಓದಿದೆ. ಎಲ್ಲರಿಗೂ ಧನ್ಯವಾದ. ನನ್ನ ವಾಂತಿ ಎಲ್ಲಿಂದ ಎಲ್ಲಿಗೆ ಹೋಯಿತು!

ಅತ್ತೆಗೆ ಜೀನ್ ಕೆಟ್ಟಿದೆ ಅಂತ ಹೇಳಿದೆ. "ಅಯ್ಯೋ, ಮದುವೆಗೆ ಮುಂಚೆ ಯಾಕೆ ಹೇಳಲಿಲ್ಲ" ಅಂದರು. ಹೆಂಡತಿ ಮಾತ್ರ ವಿಷಯ ಸರಿಯಾಗಿ ಹಿಡಿದಿದ್ದಾಳೆ. ಇವತ್ತು ಬೆಳಿಗ್ಗೆ ಪಕ್ಕದ ಮನೆಯವರ ಇಬ್ಬರು ಮಕ್ಕಳಿಗೂ ಶುರುವಾಯಿತಂತೆ. "ನಮ್ಮ ಮನೆಯವರನ್ನು ಕಳಿಸುತ್ತೇನೆ, ಅವರಿಗೆ ತಾಗುವುದಿಲ್ಲ" ಅಂತ ನನ್ನನ್ನು ಕೇಳದೆಯೇ ಹೇಳಿಬಿಟ್ಟಿದ್ದಾಳೆ. ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದೇನೆ. ಬ್ಲೀಚ್ ಎಷ್ಟು ಹಾಕಬೇಕು, ಬೇಗ ಹೇಳಿ.

ಪೆಟ್ರಿತಟ್ಟೆ

ಮೊದಲು ಕಾಗದದಿಂದ ಒರೆಸಿ ಚೀಲಕ್ಕೆ ಹಾಕಿ ಕಟ್ಟಿ. ಆಮೇಲೆ ಒಂದು ಲೀಟರ್ ನೀರಿಗೆ 20 ಎಂಎಲ್‌ಗೆ ಕಡಿಮೆಯಿಲ್ಲದಂತೆ ಮನೆ ಬಳಕೆಯ ಬ್ಲೀಚ್, 5 ನಿಮಿಷ ಹಾಗೇ ಬಿಡಿ. ಬೇರೆ ಯಾವ ಕ್ಲೀನರ್ ಜೊತೆಗೂ ಬೆರೆಸಬೇಡಿ. ಕಿಟಕಿ ತೆಗೆದಿಡಿ. ಕೈಗವಸು ಹಾಕಿಕೊಳ್ಳಿ, ಅವರಲ್ಲಿರುವುದು ಯಾವ ಬಗೆಯ ನೊರೋ ಅಂತ ಗೊತ್ತಿಲ್ಲವಲ್ಲ.